ರೂಟ್ ಬಿಟ್ಟುಕೊಟ್ಟ ಡ್ರೈವರಣ್ಣ

ಡ್ರೈವರಣ್ಣನ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಮೊದಲು ಚರ್ಚಿನ ಸಭಾಪಾಲಕರು, "ಯಾರಾದರೂ ಎರಡು ಮಾತಾಡುವುದಿದ್ದರೆ ಮಾತಾಡಬಹುದು" ಎಂದರು. ಬಸ್‌ಸ್ಟ್ಯಾಂಡಿನಿಂದ ಬಂದಿದ್ದ ಡ್ರೈವರು, ಕಂಡಕ್ಟರುಗಳೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿದರು. ಒಬ್ಬ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದ. ಅಣ್ಣನ ಜತೆ ಒಂದೇ ಬಸ್ಸಿನಲ್ಲಿ ಕಂಡಕ್ಟರಾಗಿ ಒಂಬತ್ತು ವರ್ಷ ದುಡಿದವನು ನಾನು. ಎರಡು ಹೆಜ್ಜೆ ಮುಂದೆ ಹೋಗಿ, "ಅಣ್ಣ ತುಂಬಾ ಒಳ್ಳೆಯವರು" ಎಂದೆ. ಅಷ್ಟಕ್ಕೇ ನಿಲ್ಲಿಸಿ ಹಿಂದಕ್ಕೆ ಬಂದೆ. ದುಃಖಕ್ಕೆ ಹಾಗಾಯಿತು ಅಂತ ಜನ ತಿಳಿದುಕೊಂಡರು. ದುಃಖ ಇರಲಿಲ್ಲ ಅಂತ ಹೇಳಲಾರೆ. ಆದರೆ ನನ್ನ ಬಾಯಿ ಕಟ್ಟಿದ್ದು ಬೇರೆಯೇ ಒಂದು ವಿಷಯ. ಅವತ್ತು ಆ ಮಣ್ಣಿನ ಗುಡ್ಡೆಯ ಪಕ್ಕ ಹೇಳಲಾಗದೆ ಹೋದದ್ದನ್ನು ಈಗ ಬರೆಯುತ್ತಿದ್ದೇನೆ.

ಅಣ್ಣನ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಬೇಡ ಅಂದಿದ್ದಾರೆ. ಚಿಕ್ಕಬಳ್ಳಾಪುರದ ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ಪಾಸ್ಟರಣ್ಣ ಅಂತಲೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಗೇಲಿ. ನನಗೆ ಮಾತ್ರ ಅವರು ಬರೀ ಅಣ್ಣ.

ಕುಳ್ಳಗಿನ ಆಳು. ಬೆನ್ನ ಹಿಂದೆ ಮಡಚಿದ ಕಂಬಳಿ ಇಟ್ಟುಕೊಂಡರೆ ಮಾತ್ರ ಕಾಲು ಕ್ಲಚ್ಚಿಗೆ ಸರಿಯಾಗಿ ಸಿಗುತ್ತಿತ್ತು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಮುಂದಿನ ಗಾಜನ್ನು ತಾವೇ ಒರೆಸಬೇಕು, ಬೇರೆಯವರು ಒರೆಸಿದರೆ ಸಮಾಧಾನ ಇಲ್ಲ. ಒರೆಸಿ, ಸೀಟಿನಲ್ಲಿ ಕೂತು, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದರು. ಅದೇ ಅವರ ಪ್ರಾರ್ಥನೆ. "ಇಷ್ಟು ಬೇಗ ಮುಗೀತಾ?" ಅಂತ ಒಮ್ಮೆ ಕೇಳಿದ್ದೆ. "ಮುಗಿಯೋದೆಲ್ಲಿ ಬಂತು, ಈಗ ಶುರು. ಚಿಂತಾಮಣಿ ತಲುಪೋವರೆಗೂ ಮಾತಾಡ್ತಾ ಇರ್ತೀನಿ" ಅಂದಿದ್ದರು.

ನಮ್ಮದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಪ್ರೈವೇಟ್ ಬಸ್ಸು. ದಿನಕ್ಕೆ ಮೂರು ಸಲ ಹೋಗಬೇಕು, ಮೂರು ಸಲ ಬರಬೇಕು. ಬಸ್ಸಿನ ಮುಂದುಗಡೆ ಓನರು ಹಾಕಿಸಿದ್ದ ದೇವರ ಫೋಟೋ ಇತ್ತು. ಅದಕ್ಕೆ ದಿನಾ ಹೂವು ತರುತ್ತಿದ್ದವರು ಅಣ್ಣನೇ. ಸ್ಟ್ಯಾಂಡಿನ ಮೂಲೆಯಲ್ಲಿ ಕೂರುತ್ತಿದ್ದ ಹೂವಿನ ಮುದುಕಿಗೆ ಬೆಳಗಿನ ಬೋಣಿ ಇವರದ್ದೇ ಆಗಬೇಕು. ಚರ್ಚಿನ ಸಭೆಯ ಹಿರಿಯರೊಬ್ಬರು ಇದನ್ನು ನೋಡಿ, "ಏನಪ್ಪ, ನೀನು ಕ್ರೈಸ್ತ ಆಗಿ ಇದನ್ನ ಮಾಡಬಹುದಾ?" ಅಂತ ತರಾಟೆಗೆ ತೆಗೆದುಕೊಂಡರು. ಅಣ್ಣ ತಲೆ ಕೆರೆದುಕೊಂಡು, "ಫೋಟೋ ಓನರ್‌ದು. ಹೂವು ಆ ಅಮ್ಮಂದು. ನನ್ನದು ಬೋಣಿ ಒಂದೇ ಅಯ್ಯ" ಅಂದರು. ಆ ಹಿರಿಯರಿಗೆ ಇದು ಒಪ್ಪಿಗೆ ಆಗಲಿಲ್ಲ, ಅಣ್ಣ ಹೂವು ತರುವುದನ್ನು ಬಿಡಲೂ ಇಲ್ಲ.

ನಾನೂ ಕ್ರೈಸ್ತರ ಮನೆಯಲ್ಲೇ ಹುಟ್ಟಿದವನು. ಆದರೆ ನನ್ನ ಎರಡನೇ ಮಗು ಹುಟ್ಟಿದ ಆರನೇ ದಿನಕ್ಕೆ ತೀರಿಕೊಂಡ ಮೇಲೆ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಅಣ್ಣನಿಗೆ ಅದು ಗೊತ್ತಿತ್ತು. ಆ ಕಾಲದಲ್ಲಿ ಅವರಿಗೆ ಒಂದು ಅಭ್ಯಾಸವೂ ಇತ್ತು. ಏನೇ ಎಡವಟ್ಟಾಗಲಿ, ಅದರಲ್ಲಿ ದೇವರು ಏನೋ ಹೇಳಿದ್ದಾನೆ ಅಂತ ಹುಡುಕಿ ತೆಗೆಯುವುದು. ಟಿಫಿನ್ ಡಬ್ಬಿ ಉರುಳಿ ಹೊಸದಾಗಿ ಇಸ್ತ್ರಿ ಮಾಡಿದ ಖಾಕಿ ಮೇಲೆಲ್ಲ ಸಾರು ಚೆಲ್ಲಿದರೆ, "ಸರಿಹೋಯ್ತು, ಬೆಳಿಗ್ಗೆಯಿಂದ ಸ್ವಲ್ಪ ಜಂಬ ಬಂದಿತ್ತು ಕಣೋ, ಇಳಿಸಿದ" ಅನ್ನುವರು. ರೇಡಿಯೇಟರ್ ಕುದ್ದು ಗಾಡಿ ನಿಂತರೆ, "ನನಗೂ ಹಿಂಗೇ ಕೋಪ ಬರ್ತಿತ್ತು ಮೊದಲು" ಅಂತ ನಗುವರು.

ಒಮ್ಮೆ ಮದುವೆ ಪಾರ್ಟಿಗೆ ಗಾಡಿ ಕೊಟ್ಟಿದ್ದಾಗ ದಿಬ್ಬೂರಹಳ್ಳಿ ಹತ್ತಿರ ಪಂಚರ್ ಆಯಿತು. ಸ್ಟೆಪ್ನಿ ಹಾಕುವಷ್ಟರಲ್ಲಿ ಒಬ್ಬಾಕೆ ತುಂಬು ಬಸುರಿ, ತಾಯಿಯ ಭುಜ ಹಿಡಿದುಕೊಂಡು ಹೊಲದ ದಾರಿಯಲ್ಲಿ ಬಂದಳು. ನೋವು ಶುರುವಾಗಿತ್ತು, ಆಟೋ ಸಿಕ್ಕಿರಲಿಲ್ಲ. ಅವರನ್ನು ಹತ್ತಿಸಿಕೊಂಡು ಶಿಡ್ಲಘಟ್ಟದ ಆಸ್ಪತ್ರೆ ಬಾಗಿಲಿಗೇ ಬಿಟ್ಟೆವು. ಹೆಣ್ಣು ಮಗು ಆಯಿತಂತೆ. ಅವತ್ತಿಡೀ ಅಣ್ಣನ ಮುಖ ನೋಡಬೇಕಿತ್ತು.

"ನೋಡಿದೆಯಾ? ಟೈರಿಗೆ ಮೊಳೆ ಚುಚ್ಚಿಸಿ ನಿಲ್ಲಿಸಿದ. ಸುಮ್ಮಸುಮ್ನೆ ಏನೂ ಆಗಲ್ಲ ಕಣೋ ಲೋಕದಾಗೆ."

ಅದೇ ಖುಷಿಯಲ್ಲಿ, ಸಂಜೆ ಟೀ ಕುಡಿಯುವಾಗ, "ನಿನ್ನ ಮಗು ವಿಷಯದಾಗೂ ಅವನಿಗೆ ಏನೋ ಉದ್ದೇಶ ಇರ್ತದೆ" ಅಂದರು.

ನಾನು ಲೋಟ ಕೆಳಗಿಟ್ಟು ಎದ್ದು ಹೋದೆ. ನಾಲ್ಕು ದಿನ ಒಂದು ಮಾತೂ ಆಡಲಿಲ್ಲ. ವಿಸಿಲ್ ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಸದ್ದಿರಲಿಲ್ಲ. ಐದನೇ ದಿನ ಅವರೇ ಬಂದು ನನ್ನ ಪಕ್ಕ ಕೂತು ಅರ್ಧ ಬನ್ನು ಮುರಿದು ಕೊಟ್ಟರು. ತಗೊಂಡೆ. ಆದರೆ ಆ ಮಾತು ಒಳಗೆ ಉಳಿಯಿತು.

ಈಗ ಹೇಳಲೇಬೇಕಾದದ್ದಕ್ಕೆ ಬರುತ್ತೇನೆ.

ಹನ್ನೊಂದು ವರ್ಷದ ಹಿಂದಿನ ಮಾತು. ಕ್ರಿಸ್‌ಮಸ್ಸಿಗೆ ಹತ್ತು ದಿನ ಇತ್ತು. ಬೆಳಗಿನ ಮೊದಲ ಟ್ರಿಪ್ಪು. ಶಿಡ್ಲಘಟ್ಟ ಸ್ಟ್ಯಾಂಡಿನಿಂದ ಹೊರಟಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆ ಪಕ್ಕದ ಹಿಪ್ಪುನೇರಳೆ ತೋಟ ಕಾಣುತ್ತಿರಲಿಲ್ಲ. ನಮಗಿಂತ ಐದು ನಿಮಿಷ ಮುಂಚೆ ಬೇರೊಂದು ಬಸ್ಸು ಹೋಗಿತ್ತು. ಅದು ದಾರಿಯಲ್ಲಿರುವ ನಮ್ಮ ಜನರನ್ನೆಲ್ಲ ಹತ್ತಿಸಿಕೊಳ್ಳುತ್ತೆ ಅಂತ ನನಗೆ ಸಂಕಟ. ಅಣ್ಣ ನಿಧಾನವಾಗಿ ಓಡಿಸುತ್ತಿದ್ದರು. ನಾನು ಹಿಂದಿನ ಬಾಗಿಲಲ್ಲಿ ನಿಂತು ಎರಡು ವಿಸಿಲ್ ಹೊಡೆದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುಂದಕ್ಕೆ ಹೋದೆ.

"ಹೋಗಣ್ಣ, ಬೇಗ ಹೋಗಣ್ಣ."

"ಮಂಜು ಐತೆ ಕಣೋ."

"ದಿನಾ ಇರೋ ಮಂಜೇ ತಾನೆ? ನೀನು ಹಿಂಗೆ ಹೋದ್ರೆ ಇವತ್ತು ಖಾಲಿ ಗಾಡಿ ಹೊಡ್ಕೊಂಡು ಹೋಗ್ಬೇಕು."

ಅವರು ವೇಗ ಹೆಚ್ಚಿಸಲಿಲ್ಲ. ನಾನು ವಾಪಸ್ ಬಾಗಿಲಿಗೆ ಬಂದು ಮತ್ತೆ ವಿಸಿಲ್ ಹೊಡೆದೆ, ಅಂಗೈಯಿಂದ ಬಸ್ಸಿನ ಮೈಯನ್ನು ಪಟಪಟ ಬಡಿದೆ. ಆಗ ಗಾಡಿ ಜೋರಾಯಿತು. ಅರ್ಧ ಕಿಲೋಮೀಟರ್ ಹೋಗಿರಲಿಕ್ಕಿಲ್ಲ. ಊರಿನ ಕೊನೆಯ ಮನೆಗಳ ಹತ್ತಿರ, ಎಡಗಡೆ ಗಲ್ಲಿಯಿಂದ ಒಂದು ಮೊಪೆಡ್ಡು ಬಂತು.

ಬ್ರೇಕಿನ ಸದ್ದು, ಒಂದು ಹೊಡೆತ, ಆಮೇಲೆ ಹೆಂಗಸರ ಕಿರುಚಾಟ. ಇಳಿದು ನೋಡಿದರೆ ರಸ್ತೆ ತುಂಬಾ ಬಿಳಿ. ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ರೇಷ್ಮೆ ಗೂಡು. ಮೊಪೆಡ್ಡಿನ ಹಿಂದೆ ಕಟ್ಟಿದ್ದ ಮೂಟೆ ಒಡೆದು ಚೆಲ್ಲಿತ್ತು. ಅದರ ನಡುವೆ ಅವನು ಬಿದ್ದಿದ್ದ. ಇಪ್ಪತ್ತೆಂಟು ಮೂವತ್ತು ವಯಸ್ಸಿರಬೇಕು. ಅಲ್ಲೇ ಗಲ್ಲಿಯ ಮೂಲೆಯಲ್ಲಿ, ರಸ್ತೆಗೆ ಕಾಣುವ ಮುಸ್ಲಿಮರ ಮನೆಯ ಹುಡುಗ, ನೂಲು ತೆಗೆಯುವ ಕೆಲಸ. ಅಣ್ಣ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲಿ ಕೂತಿದ್ದರು. ಜನ ಬಂದು ಅಣ್ಣನ ಬೆನ್ನಿಗೆ, ಕೆನ್ನೆಗೆ ಹೊಡೆದರು. ಅವರು ಕೈ ಅಡ್ಡ ತರಲಿಲ್ಲ, ಆ ತಲೆಯನ್ನೂ ಬಿಡಲಿಲ್ಲ. "ಆಂಬುಲೆನ್ಸ್ ಕರೀರಪ್ಪ, ಮೊದಲು ಆಂಬುಲೆನ್ಸ್ ಕರೀರಿ" ಅನ್ನುತ್ತಲೇ ಇದ್ದರು.

ನಾನು ಪ್ಯಾಸೆಂಜರುಗಳ ಮಧ್ಯೆ ನಿಂತಿದ್ದೆ. ವಿಸಿಲನ್ನು ಜೇಬಿಗೆ ಹಾಕಿಕೊಂಡಿದ್ದೆ.

ಆಸ್ಪತ್ರೆ ತಲುಪುವ ಮೊದಲೇ ಅವನ ಜೀವ ಹೋಯಿತು.

ಪೊಲೀಸರು ನನ್ನನ್ನೂ ಕೇಳಿದರು. "ಮಂಜಿತ್ತು ಸಾರ್, ಗಾಡಿ ಅಡ್ಡ ಬಂತು" ಅಂದೆ. ಅಷ್ಟೇ ಅಂದೆ. ಅಣ್ಣ ಮಾತ್ರ, "ಜೋರಾಗಿ ಹೋಗ್ತಿದ್ದೆ" ಅಂತ ಬರೆಸಿದರು. ಓನರು ಇಟ್ಟುಕೊಟ್ಟ ವಕೀಲರು ತಲೆ ಚಚ್ಚಿಕೊಂಡರು. ಗಲ್ಲಿಯಿಂದ ಬಂದವನದ್ದೇ ತಪ್ಪು ಅಂತ ಹೇಳು, ಕೇಸು ನಿಲ್ಲುವುದಿಲ್ಲ ಅಂತ ಎಷ್ಟೋ ಸಲ ಹೇಳಿಕೊಟ್ಟರು. ಕೇಸು ಮೂರು ವರ್ಷ ಎಳೆಯಿತು. ಕೊನೆಗೆ ಕೋರ್ಟಿನಲ್ಲಿ ಅಣ್ಣ ನಿಂತು, "ಮಂಜಿನಾಗೆ ನಿಧಾನ ಮಾಡಬೇಕಿತ್ತು, ಮಾಡಲಿಲ್ಲ ಸ್ವಾಮಿ. ತಪ್ಪು ನಂದು" ಅಂದರು. ನ್ಯಾಯಾಧೀಶರು, "ಯಾರಾದರೂ ಅವಸರ ಮಾಡಿದರಾ?" ಅಂತ ಕೇಳಿದರು. ನಾನು ಸಾಕ್ಷಿಗಳ ಬೆಂಚಿನ ಮೇಲಿದ್ದೆ. 

ಅಣ್ಣ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. "ಸ್ಟಿಯರಿಂಗ್ ನನ್ನ ಕೈಯಾಗಿತ್ತು ಸ್ವಾಮಿ" ಅಂದರು.

ಆರು ತಿಂಗಳು ಜೈಲಾಯಿತು. ನಾನು ಎರಡೇ ಸಲ ನೋಡಲು ಹೋದೆ. ಎರಡು ಸಲವೂ ಮನೆ, ಮಕ್ಕಳು, ಹೊಸ ಟೈರು ಅಂತ ಏನೇನೋ ಮಾತಾಡಿ ಬಂದೆ.

ಒಂದು ವಿಷಯ ಬಿಟ್ಟುಬಿಟ್ಟೆ, ಅದನ್ನು ಹೇಳಬೇಕು. ಅಪಘಾತ ಆಗಿ ಒಂದು ತಿಂಗಳಿಗೆ, ಕೇಸು ಇನ್ನೂ ನಡೆಯುತ್ತಿರುವಾಗಲೇ, ಅಣ್ಣ ಓನರ ಹತ್ತಿರ ಹೋಗಿ ರೂಟ್ ಬದಲಾಯಿಸಿಕೊಂಡಿದ್ದರು. ಚಿಂತಾಮಣಿ ರೂಟೆಂದರೆ ಎಲ್ಲ ಡ್ರೈವರಿಗೂ ಆಸೆ. ರಸ್ತೆ ಒಳ್ಳೆಯದು, ಟೈಮಿಂಗ್ ಒಳ್ಳೆಯದು, ಸಂಜೆ ಬೆಳಕಿರುವಾಗಲೇ ಮನೆ ಸೇರಬಹುದು. ಅದನ್ನು ಬಿಟ್ಟು ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗುವ ಹಳೇ ಗಾಡಿಯನ್ನು ಕೇಳಿ ತಗೊಂಡರು. ಅದಕ್ಕೆ ಎಲ್ಲರಿಗಿಂತ ಮುಂಚೆ ಏಳಬೇಕು, ಎಲ್ಲರಿಗಿಂತ ತಡವಾಗಿ ಬರಬೇಕು. ಜೈಲಿಂದ ಬಂದು ಲೈಸೆನ್ಸ್ ವಾಪಸ್ ಸಿಕ್ಕಿದ ಮೇಲೂ ಅದೇ ರೂಟಿಗೇ ಹೋದರು. ನನ್ನ ಮುಖ ನೋಡಲು ಇಷ್ಟವಿಲ್ಲದೆ ಹೀಗೆ ಮಾಡಿದ್ದಾರೆ ಅಂತ ನಾನು ತಿಳಿದೆ. ಹಾಗೆ ತಿಳಿದುಕೊಳ್ಳುವುದು ನನಗೆ ಸುಲಭವೂ ಆಗಿತ್ತು. ನಾನು ಹೊಸ ಡ್ರೈವರ್ ಜತೆ ಅದೇ ಚಿಂತಾಮಣಿ ರಸ್ತೆಯಲ್ಲಿ ಉಳಿದೆ. ಆ ಗಲ್ಲಿ ಬಂದಾಗಲೆಲ್ಲ ಟಿಕೆಟ್ ಪುಸ್ತಕ ತೆಗೆದು ಏನೋ ಬರೆಯುವಂತೆ ತಲೆ ತಗ್ಗಿಸುತ್ತಿದ್ದೆ.

ಆದರೆ ಅಣ್ಣ ನನ್ನ ಮೇಲೆ ಕೋಪ ಮಾಡಿಕೊಂಡವರ ಹಾಗೆ ನಡೆದುಕೊಳ್ಳಲಿಲ್ಲ. ಜೈಲಿಂದ ಬಂದ ಮೊದಲ ಭಾನುವಾರವೇ ನಮ್ಮ ಮನೆ ಬಾಗಿಲಿಗೆ ಬಂದರು.

"ಚರ್ಚಿಗೆ ಹೋಗಣ ನಡಿ."

"ನಾನು ಬರಲ್ಲ ಅಂತ ಗೊತ್ತಲ್ಲಣ್ಣ."

"ಹಾಡಬೇಡ, ಪ್ರಾರ್ಥನೆ ಮಾಡಬೇಡ. ನನ್ನ ಪಕ್ಕದಾಗೆ ಸುಮ್ನೆ ಕೂತ್ಕೋ ಕಣೋ. ನಂಗೆ ಒಬ್ಬನೇ ಹೋಗಕ್ಕಾಗ್ತಿಲ್ಲ."

ಆ ಧ್ವನಿ ಹೊಸದು. ಅವರು ಅದುವರೆಗೂ ನನ್ನಿಂದ ಏನನ್ನೂ ಬೇಡಿದವರಲ್ಲ. ಶರ್ಟು ಹಾಕಿಕೊಂಡು ಹೊರಟೆ. ಕೊನೆಯ ಬೆಂಚಿನಲ್ಲಿ ಕೂತೆವು. ಎಲ್ಲರೂ ಎದ್ದು ಕರ್ತನ ಪ್ರಾರ್ಥನೆ ಹೇಳುವಾಗ ಅಣ್ಣನ ಧ್ವನಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಅನ್ನುವ ಸಾಲು ಬಂತು. ಅವರ ಧ್ವನಿ ನಿಂತಿತು. ತುಟಿ ಬಿಗಿದುಕೊಂಡು ನಿಂತಿದ್ದರು. ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಂಡರು. ಅದಾದ ಮೇಲೆ ವರ್ಷಗಟ್ಟಲೆ, ಪ್ರತಿ ಭಾನುವಾರ, ನಾನು ಇದನ್ನು ಕೇಳಿದ್ದೇನೆ. ಉಳಿದವರಿಗೆ ಗೊತ್ತಾಗಿರಲಿಕ್ಕಿಲ್ಲ. ಅಷ್ಟು ಜನರ ಧ್ವನಿಯಲ್ಲಿ ಒಬ್ಬರದು ಒಂದು ಸಾಲು ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ?

ಚರ್ಚಿಗೆ ಹೋಗುತ್ತ ಹೋಗುತ್ತ ನನ್ನಲ್ಲಿ ಏನಾಯಿತು ಅಂತ ಹೇಳುವುದು ಕಷ್ಟ. ದೊಡ್ಡ ಬೆಳಕೇನೂ ಕಾಣಿಸಲಿಲ್ಲ. ದೇವರನ್ನು ಬೈಯುವುದನ್ನು ನಿಲ್ಲಿಸಿದೆ. ಆಮೇಲೆ ಒಂದು ದಿನ, ಅಣ್ಣ ಬಿಟ್ಟ ಆ ಸಾಲು ನನ್ನ ಬಾಯಿಗೂ ಬರುವುದಿಲ್ಲ ಅಂತ ಗೊತ್ತಾಯಿತು. ಇಬ್ಬರೂ ಒಟ್ಟಿಗೇ ಸುಮ್ಮನಾಗುತ್ತಿದ್ದೆವು.

ಅಣ್ಣ ಬದಲಾಗಿದ್ದಾರೆ ಅಂತ ನನಗೆ ಸರಿಯಾಗಿ ತಿಳಿದದ್ದು ಒಂದು ಬೇಸಿಗೆಯಲ್ಲಿ. ಗೌರಿಬಿದನೂರಿನಲ್ಲಿ ನೆಂಟರ ಮನೆಯ ಕಾರ್ಯವಿತ್ತು, ಅವರ ಬಸ್ಸಿಗೇ ಹತ್ತಿದ್ದೆ. ಮಂಚೇನಹಳ್ಳಿ ದಾಟಿದ ಮೇಲೆ ಬೆಲ್ಟು ಕಿತ್ತುಹೋಗಿ ಗಾಡಿ ನಿಂತಿತು. ಸುಡು ಬಿಸಿಲು. ಜನ ಇಳಿದು ಒಂದು ಹುಣಸೆ ಮರದ ಕೆಳಗೆ ಸೇರಿದರು. ತೆಲುಗು ಮಾತಾಡುವ ಹಿರಿಯ ಹೆಂಗಸೊಬ್ಬರು, ಅಣ್ಣನ ಸಭೆಯವರೇ, ಸಮಾಧಾನ ಹೇಳುವವರ ಹಾಗೆ, "ಪೋನೀ ಅಣ್ಣಾ, ಹೋಗಲಿ ಬಿಡು, ಇದೂ ಏನೋ ಒಳ್ಳೇದಕ್ಕೇ ಆಗಿರ್ತೈತೆ" ಅಂದರು.

ಮೊದಲಾಗಿದ್ದರೆ ಅಣ್ಣ ಅಲ್ಲೇ ಅರ್ಧ ಗಂಟೆ ಪ್ರಸಂಗ ಮಾಡುತ್ತಿದ್ದರು. ಈಗ, "ಗೊತ್ತಿಲ್ಲಮ್ಮ ನಂಗೆ" ಅಂದರು. ಅಂದು, ಕೊಡ ಹಿಡಿದುಕೊಂಡು ಹತ್ತಿರದ ತೋಟದ ಬೋರ್‌ವೆಲ್‌ಗೆ ಹೋಗಿ ನೀರು ತಂದರು. ಸುಸ್ತಾಗಿ ಒರಗಿದ್ದ ಒಬ್ಬ ಮುದುಕನ ಕಾಲು ತೊಳೆದು, ತಲೆಗೆ ಒದ್ದೆ ಟವೆಲ್ ಹಾಕಿ, ಅವನ ಪಕ್ಕ ಕೂತರು. ಮೆಕ್ಯಾನಿಕ್ ಬರುವವರೆಗೂ ಅವನಿಗೆ ಗಾಳಿ ಹಾಕುತ್ತಲೇ ಇದ್ದರು.

ಜನ ಅತ್ತ ಇತ್ತ ಹೋದಾಗ ನಾನು ಹತ್ತಿರ ಹೋದೆ. "ಏನಣ್ಣ, ಈಗ ದೇವರು ಏನು ಹೇಳ್ದ ಅಂತ ಹೇಳೋದೇ ಇಲ್ಲ ನೀನು?"

ಅಣ್ಣ ಟವೆಲನ್ನು ಮತ್ತೆ ಒದ್ದೆ ಮಾಡಿ ಮುದುಕನ ತಲೆಗೆ ಹಾಕಿದರು.

"ಆ ಹುಡುಗ ಬಂದ ದಿನ ನಮ್ಮ ಟೈರು ಯಾಕೆ ಪಂಚರ್ ಆಗಲಿಲ್ಲ ಅಂತ ಕೇಳ್ದೆ ಕಣೋ. ಜೈಲಾಗೆ ಕೂತು ದಿನಾ ಕೇಳ್ದೆ. ಬಸುರಿಗೋಸ್ಕರ ಮೊಳೆ ಇಟ್ಟೋನು ಅವನಿಗೋಸ್ಕರ ಒಂದು ಮೊಳೆ ಇಡಬಾರದಿತ್ತಾ? ಉತ್ತರ ಬರಲಿಲ್ಲ."

"ಮತ್ತೆ ಇನ್ನೂ ಪ್ರಾರ್ಥನೆ ಮಾಡ್ತೀಯಲ್ಲ?"

"ಉತ್ತರ ಕೊಡಲಿಲ್ಲ, ಆದ್ರೆ ಎದ್ದು ಹೋಗಲಿಲ್ಲ. ನಾನು ಎಷ್ಟು ಬೈದರೂ ಪಕ್ಕದಾಗೇ ಕೂತಿದ್ದ. ಅಷ್ಟು ಗೊತ್ತಾಯ್ತು ನಂಗೆ. ಅದಕ್ಕೇ ಈಗ ಯಾಕೆ ಅಂತ ಕೇಳಲ್ಲ. ಯಾರ ಪಕ್ಕ ಕೂತ್ಕೋಬೇಕು ಅಂತ ಕೇಳ್ತೀನಿ, ಹೋಗಿ ಕೂತ್ಕೋತೀನಿ."

ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ನಿನ್ನ ಮಗು ಹೋಗಿದ್ದಕ್ಕೆ ಒಂದು ಮಾತು ಅಂದಿದ್ದೆ, ಟೀ ಅಂಗಡಿಯಾಗೆ. ಉದ್ದೇಶ ಗಿದ್ದೇಶ ಅಂತ. ತಪ್ಪಾಯ್ತು ಕಣೋ. ಗೊತ್ತಿಲ್ದೇ ಇರೋದನ್ನ ಗೊತ್ತಿರೋನ ಥರ ಅಂದುಬಿಟ್ಟೆ."

ನಾನು ಹನ್ನೆರಡು ವರ್ಷದಿಂದ ಯಾರಾದರೂ ಆ ಮಾತು ಹೇಳಲಿ ಅಂತ ಕಾಯುತ್ತಿದ್ದೆ ಅನ್ನುವುದು ಆ ಗಳಿಗೆಯಲ್ಲಿ ನನಗೇ ತಿಳಿಯಿತು. ಮರದ ಆಚೆ ಬದಿಗೆ ಹೋಗಿ ಅತ್ತೆ. ಆಗಲೇ ನಾನೂ ನನ್ನ ಮಾತು ಹೇಳಬೇಕಿತ್ತು. ನನ್ನ ವಿಸಿಲಿನ ಮಾತು. ಮೆಕ್ಯಾನಿಕ್ ಬಂದ. ಗಾಡಿ ಹೊರಟಿತು. ಹೇಳಲಿಲ್ಲ.

ಹೋದ ವರ್ಷ ಅವರ ಎರಡೂ ಕಿಡ್ನಿ ಕೈಕೊಟ್ಟವು. ಬೆಂಗಳೂರಿಗೆ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಕೈ ತುಂಬಾ ಸೂಜಿಯ ಗಾಯ. ಕೊನೆಕೊನೆಗೆ ಅದೂ ಸಾಕಾಗಿ ಮನೆಯಲ್ಲೇ ಮಲಗಿದರು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅತ್ತಿಗೆ ಒಳಗೆ ಗಂಜಿ ಕಾಯಿಸುತ್ತಿದ್ದರು. ಧೈರ್ಯ ಮಾಡಿ ಶುರು ಮಾಡಿದೆ.

"ಅಣ್ಣ, ಅವತ್ತು ನಾನು ವಿಸಿಲ್ ಹೊಡೆದು..."

ಅವರು ಕೈ ಎತ್ತಿ ತಡೆದರು. ಊದಿಕೊಂಡ ಕೈ, ಎತ್ತಲಿಕ್ಕೇ ಕಷ್ಟ ಪಡುತ್ತಿದ್ದರು.

"ನಂಗ್ಯಾಕೆ ಹೇಳ್ತೀಯ? ನಂಗೆ ಗೊತ್ತಲ್ಲ. ಗೊತ್ತಿಲ್ಲದೋರಿಗೆ ಹೇಳು, ಆ ಹುಡುಗನ ಮನೆಯೋರಿಗೆ."

"ಹನ್ನೊಂದು ವರ್ಷ ನನ್ನನ್ನ ಯಾಕೆ ಕಾಪಾಡ್ದೆ ನೀನು?"

"ಕಾಪಾಡ್ದೆ ಅಂದ್ಕೊಂಡಿದ್ದೆ. ಕಾಪಾಡಿಲ್ಲ ಅನ್ನಿಸ್ತೈತೆ ಈಗ. ನಿನ್ನ ಪಾಲಿಂದನ್ನೂ ನಾನೇ ಎತ್ತಾಕ್ಕೊಂಡೆ. ನಿಂಗೆ ಇಳಿಸೋಕೆ ಜಾಗಾನೇ ಇಲ್ದಂಗಾಯ್ತು." ಕಣ್ಣು ಮುಚ್ಚಿಕೊಂಡರು. "ಹೋಗಿ ಹೇಳು ಕಣೋ. ನಾನಿರೋವಾಗಲೇ ಹೋದ್ರೆ ಚೆನ್ನಾಗಿತ್ತು."

ಹೋಗುತ್ತೇನೆ ಅಂದೆ. ಆ ವಾರ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಅದರ ಮರುವಾರ ಮಂಗಳವಾರ ಬೆಳಿಗ್ಗೆ ಅಣ್ಣ ಹೋದರು.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ಅತ್ತಿಗೆಯ ಹತ್ತಿರ ಕೂತಿದ್ದೆ. ಏನೋ ಮಾತಿಗೆ, ಆ ಗೌರಿಬಿದನೂರಿನ ಗಾಡಿಯೇ ಅಣ್ಣನ ಮೈ ಹಾಳು ಮಾಡಿತು, ಚಿಂತಾಮಣಿ ರೂಟಲ್ಲೇ ಇದ್ದಿದ್ದರೆ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ ಅಂದೆ. ಅತ್ತಿಗೆ ನನ್ನನ್ನೇ ನೋಡಿದರು.

"ನಿಂಗೆ ಅವರು ಹೇಳಲೇ ಇಲ್ವಾ? ಆ ಹುಡುಗ ಹೋಗಿ ಒಂದು ತಿಂಗಳಿಗೆ ನಾವಿಬ್ಬರೂ ಅವರ ಮನೆಗೆ ಹೋಗಿದ್ವಿ, ಕಾಲಿಗೆ ಬೀಳೋಣ ಅಂತ. ಅವನ ತಮ್ಮ ಕೊರಳ ಪಟ್ಟಿ ಹಿಡಿದು ತಳ್ಳಿದ. ಆ ತಾಯಿ ಹೊರಗೆ ಬಂದ್ರು. ‘ಬರಬೇಡಪ್ಪ ನೀನು. ನಿನ್ನ ನೋಡಿದ್ರೆ ನನ್ನ ಮಗ ಇನ್ನೊಂದು ಸಲ ಸಾಯ್ತಾನೆ’ ಅಂದ್ರು. ವಾಪಸ್ ಬರೋವಾಗ ಇವರು ದಾರೀಲೇ ಹೇಳಿದ್ರು, ನಮ್ಮ ಬಸ್ಸು ದಿನಾ ಆರು ಸಲ ಅವರ ಬಾಗಿಲ ಮುಂದೆ ಹೋಗ್ತದೆ, ನನ್ನ ಮುಖ ದಿನಾ ಆರು ಸಲ ಆ ತಾಯಿ ಯಾಕೆ ನೋಡಬೇಕು ಅಂತ. ಮಾರನೇ ದಿನವೇ ಓನರ್ ಹತ್ರ ಹೋದ್ರು."

ನನಗೆ ಕೂರಲಾಗಲಿಲ್ಲ.

ಮೂರು ವಾರ ಬಿಟ್ಟು ಹೋದೆ. ರಜಾ ಹಾಕಿ, ಪ್ಯಾಸೆಂಜರಾಗಿ ಬಸ್ಸು ಹತ್ತಿ, ಆ ಗಲ್ಲಿಯ ಹತ್ತಿರ ಇಳಿದೆ. ಆ ಹುಡುಗನ ಅಮ್ಮ ಹೊರಗಡೆ ಜಗಲಿಯಲ್ಲಿ ಕೂತು ಮೊರದಲ್ಲಿ ಗೂಡು ಆರಿಸುತ್ತಿದ್ದರು. ಎಪ್ಪತ್ತು ದಾಟಿರಬೇಕು. ತಲೆಯ ಮೇಲೆ ಸೆರಗು.

"ಯಾರಪ್ಪ?"

"ನಿಮ್ಮ ಮಗನಿಗೆ ಹೊಡೆದ ಬಸ್ಸಿನ ಕಂಡಕ್ಟರ್ ನಾನು, ಅಮ್ಮ. ಡ್ರೈವರಣ್ಣ ತೀರಿಕೊಂಡ್ರು. ಹೇಳೋಣ ಅಂತ ಬಂದೆ."

ಅಮ್ಮನ ಕೈ ನಿಂತಿತು. ಸಾವಿನ ಸುದ್ದಿ ಕೇಳಿದಾಗ ಅವರ ಜನ ಹೇಳುವ ಮಾತನ್ನು ತುಟಿಯಲ್ಲೇ ಹೇಳಿಕೊಂಡರು. ಏನಾಗಿತ್ತು, ಮಕ್ಕಳೆಷ್ಟು, ಹೆಂಡತಿ ಹೇಗಿದ್ದಾಳೆ ಅಂತ ಒಂದೊಂದಾಗಿ ಕೇಳಿದರು. ಹೇಳಿದೆ. ಆಮೇಲೆ,

"ಅವನು ಯಾಕೆ ಮತ್ತೆ ಬರಲೇ ಇಲ್ಲ?" ಅಂದರು.

"ನೀವೇ ಬರಬೇಡ ಅಂದಿದ್ರಂತೆ."

"ಅಂದೆ. ಮಗನ್ನ ಮಣ್ಣಿಗೆ ಕೊಟ್ಟು ತಿಂಗಳಾಗಿತ್ತು ಬೇಟಾ. ಆವಾಗ ಏನಂದ್ನೋ ನಂಗೇ ನೆಟ್ಟಗೆ ನೆನಪಿಲ್ಲ." ಮೊರ ಪಕ್ಕಕ್ಕಿಟ್ಟರು. "ಕೋರ್ಟಾಗೆ ತಪ್ಪು ನಂದೇ ಅಂದ್ನಂತೆ. ಚಿಕ್ಕೋನು ಬಂದು ಹೇಳ್ದ. ಅವತ್ತಿಂದ ನೋಡ್ತಾ ಇದ್ದೆ. ಬಸ್ಸು ಬಂದಾಗೆಲ್ಲ ನೋಡ್ತಿದ್ದೆ. ಡ್ರೈವರ್ ಜಾಗದಾಗೆ ಬೇರೆ ಯಾರೋ ಇರ್ತಿದ್ರು. ಒಂದು ಮಾತು ಹೇಳೋದಿತ್ತು ಅವನಿಗೆ."

"ಏನು ಮಾತಮ್ಮ?"

ಅವರು ತಲೆ ಅಲ್ಲಾಡಿಸಿದರು. "ಅದು ಅವನಿಗೆ ಹೇಳೋ ಮಾತು. ಈಗ ಯಾರಿಗೆ ಹೇಳಲಿ?"

 ಆಮೇಲೆ ನಾನು ಹೇಳಿದೆ. ಮಂಜು ಇದ್ದದ್ದು, ಅಣ್ಣ ನಿಧಾನವಾಗಿ ಹೋಗುತ್ತಿದ್ದದ್ದು, ಮುಂದಿನ ಬಸ್ಸು, ನನ್ನ ವಿಸಿಲ್ಲು, ನಾನು ಬಡಿದ ಬಡಿತ. ಪೊಲೀಸರಿಗೆ ಹೇಳದೆ ಹೋದದ್ದು, ಕೋರ್ಟಿನಲ್ಲಿ ಬೆಂಚಿಗೆ ಅಂಟಿಕೊಂಡು ಕೂತದ್ದು. ಒಂದನ್ನೂ ಬಿಡದೆ ಹೇಳಿದೆ. ಹೇಳಿದರೆ ಹಗುರವಾಗುತ್ತದೆ ಅಂತ ಕೇಳಿದ್ದೆ. ಆಗಲಿಲ್ಲ. ಆ ಮುಖ ನೋಡುತ್ತ ಹೇಳುವುದು ಹನ್ನೊಂದು ವರ್ಷ ಮುಚ್ಚಿಟ್ಟಿದ್ದಕ್ಕಿಂತ ಭಾರವಾಗಿತ್ತು.

ಅಮ್ಮ ಮಡಿಲಿಗೆ ಬಿದ್ದಿದ್ದ ಒಂದು ಗೂಡನ್ನು ಹೆಕ್ಕಿ ಮೊರಕ್ಕೆ ಹಾಕಿದರು. ಕೊನೆಗೆ, "ಇಷ್ಟು ವರ್ಷ ಎಲ್ಲಿದ್ದೆ ನೀನು?" ಅಂತ ಕೇಳಿದರು.

"ಇದೇ ರೋಡಲ್ಲೇ ಅಮ್ಮ. ಇದೇ ಬಸ್ಸಲ್ಲಿ."

"ದಿನಾನೂ?"

"ದಿನಾನೂ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಖ ಗೋಡೆಯ ಕಡೆ ತಿರುಗಿಸಿದರು. ಭುಜ ಅಲುಗುವುದು ಕಾಣುತ್ತಿತ್ತು. ನಾನು ಎದ್ದು ನಿಂತೆ. ಕಾಲು ಹಿಡಿಯಲೋ ಬೇಡವೋ ತಿಳಿಯದೆ ಹಾಗೇ ನಿಂತೆ.

"ಹೋಗಪ್ಪ ಇವತ್ತು" ಅಂದರು ಗೋಡೆಯ ಕಡೆಯಿಂದಲೇ. "ಹೋಗು."

ಚಪ್ಪಲಿ ಹಾಕಿಕೊಂಡು ಗಲ್ಲಿಗೆ ಇಳಿದೆ. ನಾಲ್ಕು ಹೆಜ್ಜೆ ಹೋಗಿರಬೇಕು.

"ಏಯ್ ಬೇಟಾ."

ತಿರುಗಿದೆ. ಅವರು ಜಗಲಿಯ ಕಂಬ ಹಿಡಿದುಕೊಂಡು ಎದ್ದು ನಿಂತಿದ್ದರು. ಮುಖವೆಲ್ಲ ಒದ್ದೆ.

"ಹೋಗು ಅಂದೆ. ಬರಬೇಡ ಅಂದಿಲ್ಲ ನಾನು. ಕೇಳಿಸ್ತಾ?"

"ಕೇಳಿಸ್ತಮ್ಮ" ಅಂದೆ.